ಹನ್ನೆರಡು ಕುರಿ ಅಗಲದ ದಾರಿ

ಬಸ್ಸು ನಿಂತದ್ದು ಕುರಿಗಳಿಗಾಗಿ. ತಾಂಡೂರಿನಿಂದ ಬಶೀರಾಬಾದಿನ ಕಡೆ ಹೊರಟಿದ್ದೆ. ಮಿರಗದ, ಅಂದರೆ ಮೃಗಶಿರದ, ಮೊದಲ ಮಳೆ ಆಗಷ್ಟೇ ಬಿದ್ದು ನಿಂತಿತ್ತು. ಗಾಜಿಗೆ ಹತ್ತಿದ್ದ ಕರಣಕೋಟದ ಸಿಮೆಂಟ್ ಕಾರ್ಖಾನೆಯ ಧೂಳಿನ ಮೇಲೆ ಮಳೆನೀರು ಗೀರು ಎಳೆದಿತ್ತು. ಹೊರಗೆ ಏನಾಗಿದೆ ಎಂದು ನೋಡಲು ಕಿಟಕಿ ಸರಿಸಿದೆ. ತೊಯ್ದ ಉಣ್ಣೆಯ ವಾಸನೆ ಒಮ್ಮೆಲೇ ಒಳಗೆ ಬಂತು.

"ಈ ಕುರಿಗೋಳಿಗಿ ಬ್ಯಾರೆ ಜಾಗಾನೇ ಸಿಗೂದಿಲ್ಲೇನು? ಬಂದು ಬಂದು ರೋಡಿಗೇ ಬರ್ತಾವ!" ಎಂದು ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ.

ಆ ರಸ್ತೆ ಡಾಂಬರು ಕಾಣುವ ಮೊದಲು ಏನಾಗಿತ್ತು, ಅದರ ಅಗಲವನ್ನು ಯಾರು ಅಳೆದರು, ಯಾವುದರಿಂದ ಅಳೆದರು ಎಂಬುದನ್ನು ಬಲ್ಲವರಲ್ಲಿ ಬಹುಶಃ ನಾನೊಬ್ಬನೇ ಉಳಿದಿದ್ದೇನೆ. ಅದೊಂದು ಮಳೆಗಾಲದ ಮಾತು. ನೆನಪಿದ್ದಷ್ಟನ್ನು ಬರೆಯುತ್ತೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಹೇಳುತ್ತೇನೆ.

ನಿಜಾಮರ ಆಳಿಕೆ ಮುಗಿಯಲು ಇನ್ನೂ ಎರಡು ವರ್ಷ ಇತ್ತು. ಮುಗಿಯುತ್ತದೆಂದು ನಮಗೆ ಗೊತ್ತಿರಲಿಲ್ಲ. ನನಗೆ ಇಪ್ಪತ್ತಾರು ವಯಸ್ಸು. ಬಶೀರಾಬಾದಿನಿಂದ ಎರಡು ಹರದಾರಿ ದೂರದ ನಮ್ಮ ಊರಿನ ಸರಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಮನೆಯ ಯಜಮಾನ ನನ್ನ ಅಣ್ಣ ಗುರುಬಸಪ್ಪ. ಕೊರಳಲ್ಲಿ ಲಿಂಗ, ಹೆಗಲ ಮೇಲೆ ಟವೆಲು, ಮಾತಿನಲ್ಲಿ ಅವಸರ. ಊರಿನ ನ್ಯಾಯ ಮಾಡುವ ಪಂಚರಲ್ಲಿ ಅವನದೇ ಮೊದಲ ಮಾತು.

ನಮ್ಮ ಸುತ್ತ ಐದು ಊರು. ಐದಕ್ಕೂ ಸೇರಿದ ಒಂದು ಹಾಸುಗಲ್ಲಿನ ಗುಡ್ಡೆ ಇತ್ತು. ಮಳೆಗಾಲದಲ್ಲಿ ಕರಿಮಣ್ಣಿನ ಹೊಲದ ಕೆಸರಿನಲ್ಲಿ ನಿಂತರೆ ಕುರಿಗಳ ಗೊರಸು ಕೊಳೆಯುತ್ತದೆ. ಆ ಗುಡ್ಡೆಯ ಮೇಲೆ ನೀರು ನಿಲ್ಲುವುದಿಲ್ಲ, ಬಂಡೆಗಳ ಸಂದಿಯಲ್ಲಿ ಹುಲ್ಲು ಬೆಳೆಯುತ್ತದೆ. ಹಾಗಾಗಿ ನಾಲ್ಕು ತಿಂಗಳು ಎಲ್ಲ ಹಿಂಡುಗಳೂ ಅಲ್ಲೇ ಇರುತ್ತಿದ್ದವು. ದೀಪಾವಳಿ ಕಳೆದ ಮೇಲೆ ಕುರುಬರು ಹಿಂಡು ಹೊಡೆದುಕೊಂಡು ಜಹೀರಾಬಾದು ದಾಟಿ, ನಾರಾಯಣಖೇಡದ ಕಡೆ, ಮಂಜೀರಾ ನದಿಯ ದಂಡೆಯವರೆಗೂ ಹೋಗಿ, ಅಲ್ಲಿಯ ಕೊಯ್ದ ಹೊಲಗಳಲ್ಲಿ ಹಿಂಡು ನಿಲ್ಲಿಸುತ್ತಿದ್ದರು. ಗೊಬ್ಬರ ಹೊಲಕ್ಕೆ, ಕಾಳು ಕುರುಬರಿಗೆ. ಮಿರಗದ ಹೊತ್ತಿಗೆ ತಿರುಗಿ ಬರುತ್ತಿದ್ದರು. ಐದು ಊರುಗಳಲ್ಲಿ ಒಂದು ಪೂರ್ತಿ ಕುರುಬರದೇ, ಮೂವತ್ತು ಮನೆ. ಅದನ್ನು ನಾವು ಹಟ್ಟಿ ಎನ್ನುತ್ತಿದ್ದೆವು. ಹಟ್ಟಿಯಿಂದ ಗುಡ್ಡೆಗೆ ಹೋಗಲು ಒಂದೇ ಕುರಿದಾರಿ. ಅದು ಉಳಿದ ನಾಲ್ಕೂ ಊರಿನ ಹೊಲಗಳ ನಡುವೆ ಹಾದು ಹೋಗುತ್ತಿತ್ತು.

ಪ್ರತಿ ಊರಿಗೂ ತನ್ನದೇ ಕಟ್ಟಳೆ, ತನ್ನದೇ ದಂಡ, ದಾರಿ ತಪ್ಪಿದ ದನ ಕೂಡಿಹಾಕುವ ತನ್ನದೇ ಕಲ್ಲಿನ ದೊಡ್ಡಿ. ಆ ವರ್ಷ ಹಿಂಡು ತಿರುಗಿ ಬಂದ ದಿನ ಹಟ್ಟಿಯ ಕುರಿಗಳು ನಮ್ಮ ಊರಿನ ಹೊಲವೊಂದರಲ್ಲಿ ಬಾಯಿ ಹಾಕಿದವೆಂದು ನಮ್ಮವರು ಅವನ್ನು ದೊಡ್ಡಿಗೆ ನೂಕಿದರು. ಎರಡು ದಿನ ಬಿಡದೆ ಮಳೆ ಹೊಯ್ಯಿತು. ಮೂರನೆಯ ದಿನ ಬಾಗಿಲು ತೆಗೆದಾಗ ಹತ್ತೊಂಬತ್ತು ಮರಿಗಳು ಕೆಸರಿನಲ್ಲಿ ಸತ್ತಿದ್ದವು. ಹಟ್ಟಿಯ ಹಿರಿಯ ಮಾಳಗೊಂಡ ಒಂದೊಂದನ್ನೇ ಎತ್ತಿ ಕಂಬಳಿಯ ಮೇಲೆ ಸಾಲಾಗಿ ಮಲಗಿಸಿದ. ಬೈಯಲಿಲ್ಲ. ಅಣ್ಣ ಅದನ್ನು ನೋಡುತ್ತ ನಿಂತಿದ್ದ.

ಮನೆಗೆ ಬಂದ ಮೇಲೆ ಅಣ್ಣ ನನ್ನನ್ನು ಕರೆದ. "ಮಾಸ್ತರಾ, ಐದು ಊರಿಗಿ ಐದು ಕಾನೂನು ಇದ್ರ ಹಿಂಗೇ ಆಗತದ. ಒಂದೇ ಕಾಗದ ಮಾಡೂಣು. ಒಂದೇ ಪಂಚಾಯತಿ, ಒಂದೇ ದಂಡ, ಒಂದೇ ದೊಡ್ಡಿ. ನೀ ಬರಿ."

ಅಂಥ ಕಾಗದ ಬರೆಯುವ ಬಗೆ ನನಗೆ ಗೊತ್ತಿರಲಿಲ್ಲ. ಶುಕ್ರವಾರ ಶಾಲೆಗೆ ರಜೆ. ರೈಲು ಹತ್ತಿ ತಾಂಡೂರಿಗೆ ಹೋದೆ. ಅಲ್ಲಿ ದೊಡ್ಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಖಾದರ್ ಸಾಹೇಬರು ನನಗಿಂತ ಹತ್ತು ವರ್ಷ ದೊಡ್ಡವರು. ದಮ್ಮಿನ ಕಾಯಿಲೆ ಇತ್ತು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಅವರು ಹೇಳಿದ ಕತೆಗಳು ನನಗೆ ಇಂದಿಗೂ ತುಂಡು ತುಂಡಾಗಿ, ನಡುವೆ ಉಸಿರಿನ ಸದ್ದಿನೊಂದಿಗೆ ನೆನಪಿವೆ.

ನನ್ನ ಮಾತು ಕೇಳಿ ಅವರು ನಕ್ಕರು. "ಅರೇ ಮಾಸ್ತರ್, ನಿಮ್ಮದು ಐದು ಊರು. ಅಮೆರಿಕಾದಾಗ ಹದಿಮೂರು ಇದ್ವು. ಒಂದೊಂದೂ ಒಂದೊಂದು ಮುಲ್ಕ್, ಒಂದೊಂದು ದೇಶ. ಕೂಡ್ರಿ, ಚಹಾ ಬರಲಿ."

ಅವರ ಹತ್ತಿರ ರಟ್ಟು ಹರಿದ ಒಂದು ಉರ್ದು ಪುಸ್ತಕ ಇತ್ತು. ಅದನ್ನು ತೆರೆಯದೆ ಮೊಣಕಾಲ ಮೇಲೆ ಇಟ್ಟುಕೊಂಡು ಹೇಳುತ್ತ ಹೋದರು. ಇಂಗ್ಲಿಷರ ದೊರೆಯನ್ನು ಓಡಿಸಿದ ಮೇಲೆ ಆ ಹದಿಮೂರು ರಾಜ್ಯಗಳು ಸಡಿಲವಾದ ಒಂದು ಒಪ್ಪಂದದಲ್ಲಿದ್ದವು. ಒಂದರ ಮಾತು ಒಂದು ಕೇಳುತ್ತಿರಲಿಲ್ಲ. ಕೊನೆಗೆ ಫಿಲಡೆಲ್ಫಿಯಾ ಎಂಬ ಊರಿನಲ್ಲಿ ದೊಡ್ಡವರು ಸೇರಿದರು. ಕಡುಬೇಸಿಗೆ. ಮಾತು ಹೊರಗೆ ಹೋಗಬಾರದೆಂದು ಕಿಟಕಿಗಳನ್ನು ಮುಚ್ಚಿದರು. ನಾಲ್ಕು ತಿಂಗಳು ಬೆವರು ಸುರಿಸಿ ಒಂದು ಕಾಗದ ಬರೆದರು, ಇಡೀ ದೇಶವನ್ನು ಆಳುವ ಕಾಗದ.

"ಆಮೇಲೆ?" ಎಂದೆ.

ಖಾದರ್ ಸಾಹೇಬರು ಎದ್ದು ಬಾಗಿಲಿನಿಂದ ಬೀದಿಯತ್ತ ಒಮ್ಮೆ ನೋಡಿ ಬಂದು ಕೂತರು. ದನಿ ಇಳಿಸಿದರು. "ಆಮೇಲೆ, ಕೇಳಿದ್ರು. ಒಂದೊಂದು ರಾಜ್ಯದಾಗೂ ಮಂದಿ ಆರಿಸಿ ಕಳಿಸಿದವರನ್ನ ಕೂಡ್ಸಿ, ಕಾಗದ ಮುಂದಿಟ್ಟು ಕೇಳಿದ್ರು. ಬೇಕೋ, ಬ್ಯಾಡೋ?"

ನಾನು ಚಹಾದ ಬಸಿಯನ್ನು ಕೆಳಗಿಟ್ಟೆ. ಅದು ಇವತ್ತಿನವರಿಗೆ ಅರ್ಥವಾಗುವಂತೆ ಹೇಳುವುದು ಕಷ್ಟ. ನಮ್ಮಲ್ಲಿ ಫರ್ಮಾನು ಮೇಲಿನಿಂದ ಬರುತ್ತಿತ್ತು. ಡಂಗುರ ಸಾರುತ್ತಿದ್ದರು. ಹತ್ತು ಜನ ಒಂದು ಕಡೆ ಕೂತು ಮಾತಾಡಬೇಕಿದ್ದರೂ ಪರವಾನಗಿ ಬೇಕಿತ್ತು. ಹೆಬ್ಬೆಟ್ಟನ್ನು ಕೇಳುತ್ತಿದ್ದದ್ದು ಎಲ್ಲ ಮುಗಿದ ಮೇಲೆ. ಆಳುವ ಕಾಗದವನ್ನೇ ಆಳಿಸಿಕೊಳ್ಳುವವರ ಮುಂದೆ ಇಟ್ಟು, ಬೇಡವೆನ್ನುವ ಹಕ್ಕೂ ನಿಮಗಿದೆ ಎಂಬಂತೆ ಕೇಳಿದ್ದರು ಎಂಬುದು ನನಗೆ ಮೈ ಜುಮ್ಮೆನ್ನುವ ಸಂಗತಿಯಾಗಿತ್ತು. ತಿರುಗಿ ಬರುವಾಗ ರೈಲಿನಲ್ಲಿ ಕೂರಲಾಗಲಿಲ್ಲ. ಬಾಗಿಲ ಸರಳು ಹಿಡಿದು ನಿಂತೇ ಬಂದೆ.

ಅಂದು ಖಾದರ್ ಸಾಹೇಬರು ಹೇಳಿದ್ದರಲ್ಲಿ ಒಂದನ್ನು ನಾನು ಜೇಬಿನಲ್ಲಿ ಇಟ್ಟುಕೊಂಡು ಬಂದಂತೆ ತಂದೆ. ಹದಿಮೂರೂ ಒಪ್ಪಬೇಕೆಂದರೆ ಎಂದೂ ಆಗದು ಎಂದು ಅಲ್ಲಿಯವರು ಒಂಬತ್ತು ಒಪ್ಪಿದರೆ ಸಾಕು ಎಂದು ಬರೆದಿದ್ದರಂತೆ. ಬುದ್ಧಿವಂತಿಕೆ ಎನ್ನಿಸಿತು. ನಮ್ಮ ಕಾಗದದಲ್ಲಿ ನಾನೂ ಬರೆದೆ: ಐದರಲ್ಲಿ ನಾಲ್ಕು ಊರು ಒಪ್ಪಿದರೆ ಇದು ನಡೆಯತಕ್ಕದ್ದು. ಒಟ್ಟು ಹದಿನಾಲ್ಕು ಕಲಮು. ಊರಿಗೊಂದು ಮಾತು, ಹೆಚ್ಚು ಊರು ಹೇಳಿದಂತೆ ತೀರ್ಮಾನ. ವರ್ಷಕ್ಕೊಮ್ಮೆ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಸಭೆ. ಅಂದು ಎಲ್ಲರೂ ಹೊಲದಲ್ಲೇ ಊಟ ಮಾಡುತ್ತಾರೆ, ಎಲ್ಲರೂ ಸಿಗುತ್ತಾರೆ. ದಂಡ, ದೊಡ್ಡಿ, ಗುಡ್ಡೆ, ದಾರಿ ಎಲ್ಲ ಆ ಸಭೆಯ ಕೈಯಲ್ಲಿ. ಬರೆದು ಮೂರು ಸಲ ಓದಿದೆ. ಒಂದು ಅಕ್ಷರ ತಪ್ಪಿಲ್ಲ ಎಂದು ಸಮಾಧಾನವಾಯಿತು.

ಗುಡ್ಡೆಯ ಮೇಲೆ ಓದಿದೆವು. ಯಾರಾದರೂ ಕೇಳಿದರೆ ಕುರಿ ಉಣ್ಣೆ ಕತ್ತರಿಸುವುದನ್ನು ನೋಡಲು ಬಂದಿದ್ದೇವೆ ಎಂದು ಹೇಳುವ ಮಾತಾಗಿತ್ತು. ನಿಜವಾಗಿಯೂ ಕತ್ತರಿ ಆಡುತ್ತಿತ್ತು. ಮಾಳಗೊಂಡನ ಸೊಸೆ ನಿಂಗಮ್ಮ ಕುರಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಉಣ್ಣೆ ತೆಗೆಯುತ್ತಿದ್ದಳು. ಅವಳ ಗಂಡ ಸತ್ತು ಮೂರು ವರ್ಷ ಆಗಿತ್ತು. ಹಿಂಡನ್ನು ಮಂಜೀರಾದವರೆಗೆ ಹೊಡೆದುಕೊಂಡು ಹೋಗಿ ಬರುವವಳು ಅವಳೇ. ಮಾಳಗೊಂಡನಿಗೆ ಕಣ್ಣು ಮಂಜು, ಕಿವಿ ಚುರುಕು.

ಹದಿನಾಲ್ಕನೆಯ ಕಲಮು ಮುಗಿದ ಮೇಲೆ ಮೂರು ಊರಿನವರು ತಲೆದೂಗಿದರು. ಅಣ್ಣ ಕೇಳಿದ, "ಯಾಕೋ ಮಾಳಣ್ಣಾ, ಹೂಂ ಅನ್ನಲ್ಲಲ್ಲ?"

"ಎಳ್ಳಮಾಸಿ ದಿನ ನಾವು ಎಲ್ಲಿ ಇರ್ತೀವ್ರಿ, ಗೌಡ್ರ?"

ನಿಂಗಮ್ಮ ಕತ್ತರಿ ನಿಲ್ಲಿಸಿ ಮಾವನ ಕಡೆ ನೋಡಿದಳು.

"ನಾರಾಯಣಖೇಡದಾಗ ಇರ್ತೀವಿ," ಎಂದ ಮಾಳಗೊಂಡ. "ಮಂಜೀರಾ ದಂಡಿಮ್ಯಾಗ. ಹಟ್ಯಾಗ ಇರಾವ್ರು ಎದ್ದು ನಡಿಯಾಕ ಬಾರದ ಮುದುಕರು, ಹಡದ ಬಾಣಂತೇರು. ನಮ್ಮ ದಾರಿ ತೀರ್ಮಾನ ನೀವು ಹೋಳಿಗಿ ಉಂಡು ಮಾಡ್ತೀರಿ. ನಾವು ಬಂದು ಕೇಳಬೇಕು."

ನಾನು ಕಾಗದದಲ್ಲಿ ಆ ಸಾಲನ್ನು ಮತ್ತೆ ಓದಿದೆ. ನಾನು ಹುಟ್ಟಿದಾಗಿನಿಂದ ಪ್ರತಿ ವರ್ಷ ಅವರು ದೀಪಾವಳಿ ಕಳೆದು ಹೋಗುವುದನ್ನೂ ಮಿರಗಕ್ಕೆ ಬರುವುದನ್ನೂ ನೋಡಿದ್ದೆ. ಎಲ್ಲರೂ ಸಿಗುತ್ತಾರೆ ಎಂದು ಬರೆಯುವಾಗ ಅವರು ನನ್ನ ಲೆಕ್ಕದಲ್ಲೇ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಬೇಕೆಂದು ಬಿಟ್ಟಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ದಿನ ಬದಲಿಸುವುದು ಸುಲಭವಾಯಿತು. ಮಿರಗ ಬಂದ ಎಂಟನೆಯ ದಿನ ಎಂದು ಅಲ್ಲೇ ತಿದ್ದಿದೆ. ಆದರೆ ಮಾಳಗೊಂಡನ ಇನ್ನೊಂದು ಮಾತು ಇತ್ತು. ದಾರಿಯನ್ನು ಸಭೆಯ ಕೈಗೆ ಕೊಡಬಾರದು. ಅದರ ಅಗಲ ಇಷ್ಟು, ಅದನ್ನು ಯಾರೂ ಮುಟ್ಟಬಾರದು, ಐದೂ ಊರು ಒಟ್ಟಾಗಿ ಹೇಳಿದರೂ ಮುಟ್ಟಬಾರದು ಎಂದು ಬರೆಯಬೇಕು. ಮತ್ತು ದಾರಿಯಲ್ಲಿ ಹೊರಟ ಹಿಂಡನ್ನು ಯಾರೂ ತಡೆಯಬಾರದು, ಎಣಿಸಬಾರದು. ನಡೆಯುವ ಹಿಂಡನ್ನು ಎಣಿಸಿದರೆ ಅದು ಕರಗುತ್ತದೆ ಎಂದು ಕುರುಬರ ನಂಬಿಕೆ.

ಅಣ್ಣನಿಗೆ ಸಿಟ್ಟು ಬಂತು. "ದಾರಿ ಮುಚ್ಚತೀವಿ ಅಂತ ಈ ಕಾಗದದಾಗ ಎಲ್ಲಿ ಬರದದ? ಮುಚ್ಚೋ ಅಧಿಕಾರ ಯಾರಿಗೂ ಕೊಟ್ಟಿಲ್ಲ. ಕೊಡಲಾರದ್ದನ್ನ ಮಾಡಬ್ಯಾಡ್ರಿ ಅಂತ ಯಾಕ ಬರೀಬೇಕು? ನಂಬಿಗಿ ಇಲ್ಲೇನು?"

"ನಂಬಿಗಿ ಅದರಿ. ಬರದ್ರ ಇನ್ನಾ ಗಟ್ಟಿ ಆಗತದ."

"ಈಗ ಬೆರಳು ಒತ್ತು. ಆಮ್ಯಾಲ ಬೇಕಾದ್ರ ಸೇರಸೂಣು."

"ಮೊದಲು ಸೇರಸ್ರಿ. ಆಮ್ಯಾಲ ಒತ್ತತೀನಿ."

"ನೀ ಒತ್ತದಿದ್ರ ಬಿಡು. ನಾಕು ಊರು ಸಾಕು ಅಂತ ಬರದದ. ಓದೋ ಮಾಸ್ತರಾ ಅದನ್ನ."

ನಾನು ಓದಬೇಕಾಯಿತು. ನಾನೇ ಹೆಮ್ಮೆಯಿಂದ ತಂದ ಕಲಮು. ಹಟ್ಟಿ ಒಪ್ಪದಿದ್ದರೆ ಉಳಿದ ನಾಲ್ಕರ ಪಾಲಿಗೆ ಅದು ಹೊರಗಿನ ಊರಾಗುತ್ತದೆ. ಗುಡ್ಡೆಯ ಹುಲ್ಲು ಅದರದಲ್ಲ, ದಾರಿ ಅದರದಲ್ಲ. ಮಾಳಗೊಂಡ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ ಕೇಳಿದ, "ಇದನ್ನ ಎಲ್ಲಿಂದ ತಂದ್ರಿ, ಮಾಸ್ತರ್?"

ಅಮೆರಿಕಾದಿಂದ ಎಂದೆ. ಅವನು ನಗಲಿಲ್ಲ. "ಅಲ್ಲಿ ಒಲ್ಲೆ ಅಂದವ್ರು ಏನಾದ್ರು, ಕೇಳಿಕೊಂಡು ಬರ್ರಿ," ಎಂದ.

ಆ ಮಳೆಗಾಲದಲ್ಲಿ ಐದಾರು ಶುಕ್ರವಾರ ನಾನು ತಾಂಡೂರಿಗೆ ಹೋದೆ. ಹೋಗಿ ಕೇಳಿ, ಬಂದು ಗುಡ್ಡೆಯ ಮೇಲೆ ಹೇಳುತ್ತಿದ್ದೆ. ಅಣ್ಣನೂ ಬಂದು ಕೂಡುತ್ತಿದ್ದ, ಕಾಗದದ ಗೊಡವೆ ಬೇಡವೆಂದವರೂ ಕತೆಗಾಗಿ ಬರುತ್ತಿದ್ದರು. ಅಮೆರಿಕಾ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಬೊಮ್ರಾಸಪೇಟೆಯ ಆಚೆ ಇರುವ ಒಂದು ಸೀಮೆಯೆಂಬಂತೆ ಅದರ ನ್ಯಾಯ ಮಾಡುತ್ತಿದ್ದರು.

ಒಲ್ಲೆ ಎಂದವರು ಅಲ್ಲಿ ಬಹಳ ಜನ ಇದ್ದರು. ದೂರದ ರಾಜಧಾನಿಯಲ್ಲಿ ಕೂತವರು ನಮ್ಮ ಹೊಲದ ಕಷ್ಟ ಹೇಗೆ ಬಲ್ಲರು ಎಂದವರು. ದೊರೆಯನ್ನು ಓಡಿಸಿದ್ದು ಇನ್ನೊಬ್ಬ ದೊರೆಯನ್ನು ತರುವುದಕ್ಕೋ ಎಂದವರು. ಎಲ್ಲಕ್ಕಿಂತ ಹೆಚ್ಚಾಗಿ, ಮನುಷ್ಯನ ಬಾಯಿ, ದೇವರು, ಮನೆ ಇವನ್ನು ಸರಕಾರ ಮುಟ್ಟಬಾರದೆಂದು ಕಾಗದದಲ್ಲಿ ಯಾಕೆ ಬರೆದಿಲ್ಲ ಎಂದವರು. ಅದಕ್ಕೆ ಕಾಗದದ ಕಡೆಯವರು ಕೊಟ್ಟ ಉತ್ತರವನ್ನು ಖಾದರ್ ಸಾಹೇಬರು ಹೇಳಿದಾಗ ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ: ಮುಟ್ಟುವ ಅಧಿಕಾರವನ್ನೇ ಕೊಡದಿರುವಾಗ ಮುಟ್ಟಬೇಡಿ ಎಂದು ಯಾಕೆ ಬರೆಯಬೇಕು? ಅಣ್ಣ ಗುಡ್ಡೆಯ ಮೇಲೆ ಆಡಿದ ಮಾತೇ. ನೂರೈವತ್ತು ವರ್ಷದ ಹಿಂದೆ, ಸಮುದ್ರದ ಆಚೆ.

ಅಣ್ಣನಿಗೆ ಅದು ಹಿಗ್ಗಾಯಿತು. "ನೋಡ್ರೋ, ಅಲ್ಲಿಯ ಶಾಣ್ಯಾರೂ ಇದೇ ಅಂದಾರ!" ಎಂದ. ಮಾಳಗೊಂಡ, "ಒಲ್ಲೆ ಅಂದವ್ರೂ ಶಾಣ್ಯಾರೇ ಇದ್ರಲ್ಲ, ಗೌಡ್ರ," ಎಂದ. ಎಲ್ಲರೂ ನಕ್ಕರು. ಅಣ್ಣನೂ.

ಇನ್ನೊಂದು ವಾರ ಪೆನ್ಸಿಲ್ವೇನಿಯಾದ ಸಂಗತಿ. ಅಲ್ಲಿ ಸಭೆ ನಡೆಯಲು ಇಬ್ಬರು ಕಡಿಮೆ ಬಿದ್ದರು. ಒಲ್ಲೆ ಎನ್ನುವ ಕಡೆಯವರು ಬೇಕೆಂದೇ ಬಾರದೆ ಬಿಡಾರದಲ್ಲಿ ಕೂತಿದ್ದರು. ಜನರ ಗುಂಪು ಹೋಗಿ ಇಬ್ಬರನ್ನು ಎಳೆದುಕೊಂಡು ಬಂದು ಕುರ್ಚಿಯ ಮೇಲೆ ಕೂಡಿಸಿ ಲೆಕ್ಕ ಭರ್ತಿ ಮಾಡಿತು. ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಒಳ್ಳೆಯದಾಗಿ ಕಂಡದ್ದನ್ನು ಮಾತ್ರ ಹೇಳಿದರೆ ಸಾಕ್ಷಿ ಆಗುವುದಿಲ್ಲ ಎನ್ನಿಸಿ ಹೇಳಿಬಿಟ್ಟೆ.

ಮಾಳಗೊಂಡ ಅಣ್ಣನ ಕಡೆ ಕೈ ಚಾಚಿದ. "ಬರ್ರಿ ಗೌಡ್ರ, ಎಳಕೊಂಡು ಹೋಗ್ರಿ. ಆದ್ರ ನನಗ ಮೊಣಕಾಲು ನೋವದ. ಹೊತ್ತುಕೊಂಡೇ ಹೋಗಬೇಕಾಗತದ."

"ನಿನ್ನ ಕಂಬಳಿ ವಾಸನಿಗಿ ಯಾರು ಹೊರತಾರೋ!" ಎಂದ ಅಣ್ಣ.

ನಿಂಗಮ್ಮ ಕತ್ತರಿ ಕೆಳಗಿಡದೆ ಕೇಳಿದಳು, "ಮಾಸ್ತರ್, ಅಲ್ಲಿ ಹೆಂಗಸರು ಬೆರಳು ಒತ್ತಿದ್ರೇನ್ರಿ?"

ಇಲ್ಲ ಎಂದೆ. ಇನ್ನೂ ಒಂದನ್ನು ಹೇಳಬೇಕಿತ್ತು. ಕೊಂಡು ತಂದ ಗುಲಾಮರು ಲಕ್ಷಾಂತರ ಇದ್ದರು. ಅವರನ್ನು ಯಾರೂ ಕೇಳಲಿಲ್ಲ. ಒಡೆಯರ ರಾಜ್ಯಕ್ಕೆ ಹೆಚ್ಚು ಮಂದಿಯ ಬಲ ಸಿಗಲೆಂದು ಮಾತ್ರ ಅವರನ್ನು ಎಣಿಸಿದರು. ಐದು ಮಂದಿಯನ್ನು ಮೂರು ಎಂದು.

"ಐದು ಮಂದಿಗಿ ಮೂರು!" ನಿಂಗಮ್ಮನ ಕೈ ನಿಂತಿತು. "ನಾವು ಕುರಿನೂ ಹಂಗ ಎಣಸೂದಿಲ್ರಿ."

ಹಿಡಿದ ಕುರಿಯನ್ನು ಬಿಟ್ಟು ಇನ್ನೊಂದನ್ನು ಎಳೆದುಕೊಂಡಳು.

ಮಹಾನವಮಿ ಬಂತು. ಜೋಳ ಬಿತ್ತನೆ ಮುಗಿಯುತ್ತ ಬಂದಿತ್ತು. ಹಟ್ಟಿಯವರು ಹೊರಡಲು ಇಪ್ಪತ್ತು ದಿನ ಉಳಿದಿತ್ತು. ಒಪ್ಪದೆ ಹೊರಟರೆ ತಿರುಗಿ ಬರುವಾಗ ಅವರಿಗೆ ಗುಡ್ಡೆಯೂ ಇಲ್ಲ, ದಾರಿಯೂ ಇಲ್ಲ. ಮಾಳಗೊಂಡನಿಗೆ ಅದು ಗೊತ್ತಿತ್ತು. ಒಂದು ಸಂಜೆ ಅವನೊಬ್ಬನೇ ನಮ್ಮ ಮನೆಯ ಕಟ್ಟೆಗೆ ಬಂದು ಕೂತು, "ಮಾಸ್ತರ್, ಮೂವತ್ತು ಮನಿ ಬಾಳೇವು ನನ್ನ ಒಂದು ಬೆರಳಿನ ಮ್ಯಾಗ ನಿಂತದ. ನಿದ್ದಿ ಬರವಲ್ದು," ಎಂದ. ಕೊಟ್ಟ ನೀರು ಕುಡಿದು ಹೋದ.

ಹಿಂಡು ಹಟ್ಟಿಗೆ ಇಳಿದಿದ್ದರಿಂದ ಅಲ್ಲೇ ಸೇರಿದ ಕೊನೆಯ ಸಭೆಗೆ ನಾನು ಮ್ಯಾಸಚೂಸೆಟ್ಸ್ ಎಂಬ ರಾಜ್ಯದ ಒಬ್ಬ ರೈತನ ಮಾತು ತಂದಿದ್ದೆ. ನೇಗಿಲು ಹಿಡಿದು ಬಾಳುವ ಸಾಮಾನ್ಯ ಮನುಷ್ಯ ಅಲ್ಲಿಯ ಸಭೆಯಲ್ಲಿ ಎದ್ದು ನಿಂತು, ನಾಲ್ಕು ಜನ ಸೇರಿ ಕಷ್ಟಪಟ್ಟು ನೆಲ ಹಸನು ಮಾಡಿ ಗೋಧಿ ಬಿತ್ತಿದ ಮೇಲೆ, ಬೇಲಿ ಎಂಥದ್ದು ಹಾಕಬೇಕೆಂದು ಮಾತು ಬಗೆಹರಿಯಲಿಲ್ಲವೆಂದು ಬೆಳೆ ಹಾಳು ಬಿಡುತ್ತೀರಾ ಎಂದು ಕೇಳಿದನಂತೆ. ಅಣ್ಣ ತೊಡೆ ತಟ್ಟಿದ. "ಇದು ಮಾತು! ಇವ ನಮ್ಮವ!"

ಮಾಳಗೊಂಡ ತಲೆದೂಗಿದ. "ಒಳ್ಳೆ ಮಾತೇ ಹೇಳ್ಯಾನ. ಆದ್ರ ಅವ ಹೊಲದವ. ಹೊಲದವಗ ಬೇಲಿ ಸಣ್ಣ ಮಾತು. ಬೇಲಿ ಹೊರಗ ನಿಂತವರಿಗಿ ಬೇಲಿ ಬಿಟ್ಟು ಬ್ಯಾರೆ ಮಾತೇ ಇಲ್ಲ." ಕೋಲು ಊರಿ ಎದ್ದ. "ಏಳ್ರಿ. ದಾರಿ ನಡದು ನೋಡೂಣು."

ಐದೂ ಊರಿನವರು ಎದ್ದೆವು. ಮುಂಜಾನೆಯ ಬಿಸಿಲು ಇನ್ನೂ ಏರಿರಲಿಲ್ಲ. ಹಟ್ಟಿಯ ಕಡೆಯ ತುದಿಯಲ್ಲಿ ನಿಂಗಮ್ಮ ಹಿಂಡನ್ನು ದಾರಿಗೆ ಬಿಟ್ಟಳು. ಮಾಳಗೊಂಡ ಹೇಳಿದ, "ನಮ್ಮ ಅಪ್ಪನ ಕಾಲಕ್ಕ ಇಲ್ಲಿ ಹನ್ನೆರಡು ಕುರಿ ಒಂದು ಸಾಲಿಗಿ ನಡೀತಿದ್ವು. ಗುಡ್ಡೀ ತನಕ ಹಂಗೇ."

ಮೊದಲ ಊರಿನ ಹೊಲದ ಹತ್ತಿರ ಹನ್ನೊಂದು ನಡೆದವು. ಎರಡನೆಯ ಊರಿನಲ್ಲಿ ಎಂಟು. ಆಮೇಲೆ ನಮ್ಮ ಊರು ಬಂತು, ನಮ್ಮ ಹೊಲ ಬಂತು. ಹಿಂಡು ಒಮ್ಮೆಲೇ ನಿಂತಿತು. ಹಿಂದಿನವು ಮುಂದಿನವುಗಳ ಮೇಲೆ ಏರಿದವು. ನಾಲ್ಕು ಕುರಿ, ಅದೂ ಒಂದಕ್ಕೊಂದು ಒತ್ತಿಕೊಂಡು, ಮುಂದೆ ಹೋದವು. ಉಳಿದವು ಎಡಕ್ಕೂ ಬಲಕ್ಕೂ ಚೆಲ್ಲಿ ನಮ್ಮ ಹೊಸ ಜೋಳದ ಮೊಳಕೆಯ ಮೇಲೆ ನಿಂತವು. ಯಾರೂ ಅವನ್ನು ಹೊಲಕ್ಕೆ ಹೊಡೆದಿರಲಿಲ್ಲ. ನಿಲ್ಲಲು ಬೇರೆ ನೆಲವೇ ಇರಲಿಲ್ಲ.

ಆಗುವುದೇನೆಂದರೆ, ಬಿತ್ತುವಾಗ ದಾರಿಯ ಪಕ್ಕದವನು ಒಂದು ಸಾಲು ಹೆಚ್ಚು ಹೊಡೆಯುತ್ತಾನೆ. ಒಂದೇ ಸಾಲು, ಮೊಳದಷ್ಟೂ ಇಲ್ಲ. ಬೆಳೆ ಬೆಳೆಯುವಾಗ ದಾರಿಯವರು ಮಂಜೀರಾದ ದಂಡೆಯಲ್ಲಿರುತ್ತಾರೆ. ಮರು ವರ್ಷ ಇನ್ನೊಂದು ಸಾಲು. ಯಾರೂ ದಾರಿ ಮುಚ್ಚುವುದಿಲ್ಲ. ಅಪ್ಪ ತೀರಿದ ವರ್ಷ ಆ ಅಂಚಿನ ಸಾಲನ್ನು ಹೊಡೆದವನು ನಾನು. ನನಗೆ ಹದಿನೆಂಟು. ನೇಗಿಲು ಹಿಡಿದ ಕೈಗೆ ಅದು ತಪ್ಪೆಂದು ಅನ್ನಿಸಿರಲಿಲ್ಲ. ಎಲ್ಲರೂ ಹೊಡೆಯುತ್ತಿದ್ದರು. ಆ ಹತ್ತೊಂಬತ್ತು ಮರಿ ಸತ್ತದ್ದು ಈ ಜಾಗದಲ್ಲಿ ಕುರಿಗಳು ಹೊಲಕ್ಕೆ ಇಳಿದವೆಂದು. ಅದನ್ನು ಅಂದು ಅಲ್ಲಿ ನಿಂತಾಗ ಮೊದಲ ಸಲ ಕೂಡಿಸಿ ನೋಡಿದೆ.

ಅಣ್ಣ ತಲೆ ಎತ್ತಲಿಲ್ಲ. ಆದರೂ ಹೇಳಿದ, "ಸಭಾ ಆದ ಮ್ಯಾಲ ಸರಿ ಮಾಡೂಣು. ಕಾಗದದಾಗ ಬ್ಯಾಡ. ಹಿಂಗ ಒಬ್ಬೊಬ್ಬರು ಒಂದೊಂದು ಬರಿಸಿದ್ರ ಕಾಗದ ಉಳಿಯಾಂಗಿಲ್ಲ." ಅವನು ಅದನ್ನು ನಂಬಿಯೇ ಹೇಳಿದ. ಐದು ಊರು ಒಂದಾಗಬೇಕೆಂದು ಅವನಷ್ಟು ಆಸೆಪಟ್ಟವರು ಯಾರೂ ಇರಲಿಲ್ಲ.

ಅಲ್ಲೇ ಕುರಿಗಳ ನಡುವೆ ನಿಂತು ಒಂದೊಂದು ಊರನ್ನೂ ಕೇಳಿದೆ. ಮಾಳಗೊಂಡನ ಕಲಮನ್ನು ಮೊದಲೇ ಸೇರಿಸಬೇಕೋ, ಬೇಡವೋ? ಹಟ್ಟಿ ಬೇಕೆಂದಿತು. ಮೊದಲ ಊರು ಬೇಕೆಂದಿತು. ಎರಡನೆಯದು ಬೇಡವೆಂದಿತು. ನಮ್ಮ ಊರಿನ ಪರವಾಗಿ ಅಣ್ಣ ಬೇಡವೆಂದ. ಉಳಿದದ್ದು ಗುಡ್ಡೆಯ ಬುಡದ ಊರು. ಅಲ್ಲಿಯ ಮುದುಕ ಹಿಂಡನ್ನು ನೋಡಿದ, ನಮ್ಮ ಮೊಳಕೆಯನ್ನು ನೋಡಿದ. "ಬರೀರಿ," ಎಂದ.

ಮೂರಕ್ಕೆ ಎರಡು. ಅಣ್ಣ ಸೋತಿದ್ದ. ನಮ್ಮ ಸೀಮೆಯಲ್ಲಿ ಪಂಚಾಯತಿಯಲ್ಲಿ ಸೋತವನು ಟವೆಲು ಕೊಡವಿಕೊಂಡು ಎದ್ದು ಹೋಗುತ್ತಾನೆ. ನಾಲ್ಕು ವರ್ಷ ಮಾತಾಡುವುದಿಲ್ಲ. ನಾನು ಅದಕ್ಕೇ ಕಾದಿದ್ದೆ. ಅಣ್ಣ ಟವೆಲು ತೆಗೆದ. ಮುಖ ಒರೆಸಿಕೊಂಡ. ಆಮೇಲೆ ಹೇಳಿದ್ದನ್ನು ನಾನು ಅವನ ಮಾತಿನಲ್ಲೇ ಬರೆಯುತ್ತೇನೆ: "ನಾ ಬ್ಯಾಡ ಅಂದೆ. ಮೂರು ಊರು ಬೇಕು ಅಂದ್ವು. ಆತು. ಇನ್ನ ಈ ಕಾಗದ ನಂದೂ ಹೌದು. ಬರಿಯೋ, ಮಾಸ್ತರಾ."

ಬಂಡೆಯ ಮೇಲೆ ಕಾಗದ ಹಾಸಿ ಹದಿನೈದನೆಯ ಕಲಮು ಬರೆದೆ. ದಾರಿ ಹನ್ನೆರಡು ಕುರಿ ಅಗಲ. ಯಾವ ಸಭೆಯೂ ಮುಟ್ಟತಕ್ಕದ್ದಲ್ಲ. ಹೊರಟ ಹಿಂಡನ್ನು ಯಾರೂ ತಡೆಯತಕ್ಕದ್ದಲ್ಲ, ಎಣಿಸತಕ್ಕದ್ದಲ್ಲ. ಉಳಿದ ನಾಲ್ಕು ಊರಿನವರು ಒತ್ತಿದ ಮೇಲೆ ಮಾಳಗೊಂಡನೂ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒತ್ತಿದ. ಆಮೇಲೆ ಸೊಸೆಯನ್ನು ಕರೆದ. "ಹಿಂಡು ಹೊಡಿಯಾಕಿ ಈಕಿ. ಈಕಿನೂ ಒತ್ತತಾಳ." ಯಾರೂ ಬೇಡವೆನ್ನಲಿಲ್ಲ. ನಿಂಗಮ್ಮನ ಬೆರಳಿನ ಉಣ್ಣೆಯ ಎಣ್ಣೆಗೆ ಮಸಿ ಹತ್ತದೆ ಎರಡು ಸಲ ಒತ್ತಬೇಕಾಯಿತು.

ಮರುದಿನ ಬೆಳಗ್ಗೆ ಅಣ್ಣ ಒಬ್ಬನೇ ಹೊಲಕ್ಕೆ ಹೋಗಿ ದಾರಿಯಂಚಿನ ಜೋಳದ ಸಾಲುಗಳನ್ನು ಕೆಡಿಸಿ, ಹಾಸುಗಲ್ಲು ತಂದು ಗಡಿಗೆ ನೆಟ್ಟ. ನಾನು ಹೋದಾಗ, "ಎಂಟನೇ ಸಾಲು ನಿಂದು. ನೀನೇ ಕೆಡಸು," ಎಂದ. ಅವನಿಗೆ ನೆನಪಿತ್ತು.

ಆ ಶುಕ್ರವಾರ ಇದನ್ನೆಲ್ಲ ಖಾದರ್ ಸಾಹೇಬರಿಗೆ ಹೇಳಿದೆ. ಅಣ್ಣನ ಮಾತು ಹೇಳಿದಾಗ ಅವರು ನನ್ನ ಮೊಣಕೈ ಹಿಡಿದರು. "ಇದನ್ನ ನೀವು ಅವರಿಗೆ ಹೇಳಿದ್ರೇನು, ಮ್ಯಾಸಚೂಸೆಟ್ಸಿನ ಕಡೀ ದಿನದ ಕಥಿ?"

ನನಗೆ ಗೊತ್ತಿಲ್ಲದ ಕತೆಯನ್ನು ನಾನು ಹೇಗೆ ಹೇಳಲಿ? ಅವರು ಪುಸ್ತಕ ತೆರೆದು ಓದಿದರು. ಅಲ್ಲಿಯ ಸಭೆಯಲ್ಲಿ ಒಲ್ಲೆ ಎಂದವರು ಹತ್ತೊಂಬತ್ತು ಮತದಿಂದ ಸೋತರು. ಸೋತ ಕೂಡಲೇ ಅವರಲ್ಲಿ ಕೆಲವರು ಒಬ್ಬೊಬ್ಬರಾಗಿ ಎದ್ದು, ನಾನು ವಿರೋಧವಾಗಿದ್ದೆ, ಹೆಚ್ಚಿನವರು ಒಪ್ಪಿದ್ದಾರೆ, ಊರಿಗೆ ಹೋಗಿ ಇದನ್ನೇ ಎತ್ತಿ ಹಿಡಿಯುತ್ತೇನೆ ಎಂದರಂತೆ. ಅವರು ಕೇಳಿದ ತಿದ್ದುಪಡಿಗಳನ್ನೂ ಕಾಗದದ ಜೊತೆ ಕಳಿಸಿದರಂತೆ. ಸಣ್ಣದೊಂದು ರಾಜ್ಯ, ರೋಡ್ ಐಲೆಂಡ್, ಎರಡು ವರ್ಷಕ್ಕೂ ಹೆಚ್ಚು ಹೊರಗೇ ನಿಂತು, ಹೊರಗಿನ ದೇಶದಂತೆ ಕಾಣುತ್ತೇವೆಂಬ ಬೆದರಿಕೆಯನ್ನೂ ತಿಂದು, ಕೊನೆಗೆ ಎರಡೇ ಮತದಿಂದ ಒಳಗೆ ಬಂತು. ಮತ್ತು ಬಾಯಿ, ದೇವರು, ಮನೆ ಇವನ್ನು ಮುಟ್ಟಬಾರದೆಂಬ ಹತ್ತು ಕಲಮುಗಳು ಆಮೇಲೆ ಸೇರಿದವು. ಒಲ್ಲೆ ಎಂದವರು ಹಟ ಹಿಡಿಯದಿದ್ದರೆ ಅವು ಬರುತ್ತಿರಲಿಲ್ಲ ಎಂದರು ಖಾದರ್ ಸಾಹೇಬರು. ಉಸಿರಿಗಾಗಿ ನಿಂತರು.

ಅಣ್ಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ವಿಸ್ಮಯ ನನಗೆ ಇನ್ಯಾವ ಗುಡಿಯಲ್ಲೂ ಆಗಿಲ್ಲ.

ಎರಡು ವರ್ಷದ ಮೇಲಿನ ಮಳೆಗಾಲದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಮೊದಲು ಒಂದು ಕಡೆಯವರು ಹೆದರಿ ಊರು ಬಿಟ್ಟರು, ನಿಜಾಮರ ಆಳಿಕೆ ಬಿದ್ದ ಮೇಲೆ ಇನ್ನೊಂದು ಕಡೆಯವರು, ಖಾದರ್ ಸಾಹೇಬರ ಕಡೆಯವರು. ಎಷ್ಟು ಹೆಣ ಬಿದ್ದವೆಂದು ನಮ್ಮ ಸೀಮೆಯ ಬಾವಿಗಳಿಗೆ ಗೊತ್ತು. ಖಾದರ್ ಸಾಹೇಬರು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ನಮ್ಮ ಮನೆಗೆ ಕಳಿಸಿದ್ದರು. ನಮ್ಮಲ್ಲಿದ್ದಾರೆಂದು ಸುದ್ದಿಯಾಯಿತು. ಬೆಳಗಿನ ಜೋಳದ ರೊಟ್ಟಿಯ ಹೊತ್ತಿಗೆ ನಿಂಗಮ್ಮ ಹಿಂಡು ತಂದು ನಮ್ಮ ಹಿತ್ತಲಿಗೆ ನಿಲ್ಲಿಸಿದಳು. ಮೂವರಿಗೂ ಕಂಬಳಿ ಹೊದಿಸಿ, ಹಿಂಡಿನ ನಡುವೆ ಬಾಗಿ ನಡೆಯಲು ಹೇಳಿದಳು. ಮಾಳಗೊಂಡ ಮುಂದೆ ನಡೆದ. ಹನ್ನೆರಡರ ಸಾಲು ದಾರಿ ತುಂಬಿತು. ನಾಲ್ಕರ ಸಾಲಾಗಿದ್ದರೆ ನಡುವೆ ಯಾರನ್ನೂ ಮರೆಮಾಡಲು ಆಗುತ್ತಿರಲಿಲ್ಲ.

ಹಿಂಡು ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ಏಳೆಂಟು ಜನ ಕೊಡಲಿ ಹಿಡಿದು ಬಂದರು. ಅಣ್ಣ ಗಡಿಗಲ್ಲಿನ ಮೇಲೆ ಕೂತಿದ್ದ. ನಾನು ಅವನ ಹಿಂದೆ ನಿಂತಿದ್ದೆ.

"ಗೌಡಾ, ಈ ದಾರಿಲೆ ಏನು ಹೋಯ್ತು?"

"ಕುರಿ."

"ಬರೀ ಕುರಿಯೋ? ನಿಲ್ಲಸಿ ನೋಡತೀವಿ."

ಅಣ್ಣ ಏಳಲಿಲ್ಲ. ಗುಂಪಿನಲ್ಲಿ ಗುಡ್ಡೆಯ ಬುಡದ ಊರಿನ ಇಬ್ಬರನ್ನು ಗುರುತು ಹಿಡಿದು ಅವರನ್ನೇ ನೋಡಿದ. "ಹೊಂಟ ಹಿಂಡು ತಡಿಬಾರದು, ಎಣಸಬಾರದು. ನಿಮ್ಮ ಮುತ್ಯಾನ ಹೆಬ್ಬೆಟ್ಟು ಅದ ಅದರ ಕೆಳಗ. ನಂದೂ ಅದ. ಬೇಕಾದ್ರ ಮಾಸ್ತರ ಓದಿ ಹೇಳತಾನ."

ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವರು ಎಷ್ಟು ಹೊತ್ತು ನಿಂತರೋ ಹೇಳಲಾರೆ. ನನಗೆ ಹಿಂಡಿನ ಗಂಟೆಯ ಸದ್ದು ದೂರವಾಗುವುದು ಮಾತ್ರ ಕೇಳುತ್ತಿತ್ತು. ಮೊದಲು ಅವರಿಬ್ಬರು ತಿರುಗಿದರು. ಆಮೇಲೆ ಉಳಿದವರು. ಖಾದರ್ ಸಾಹೇಬರ ಹೆಂಡತಿ ಮಕ್ಕಳು ಎಂಟು ದಿನ ಗುಡ್ಡೆಯ ಮೇಲೆ ನಿಂಗಮ್ಮನ ಕಂಬಳಿಯ ಗುಡಾರದಲ್ಲಿದ್ದರು. ಒಂಬತ್ತನೆಯ ದಿನ ಸಾಹೇಬರು ಏದುಸಿರು ಬಿಡುತ್ತ ಬಂದು ಕರೆದುಕೊಂಡು ಹೋದರು.

ಕಾಗದ ಗೆದ್ದಲಿಗೆ ಹೋಯಿತು. ದಾರಿ ಅಷ್ಟು ಅಗಲ ಉಳಿದಿತ್ತೆಂದೇ ಮುಂದೆ ಸರಕಾರ ಅದರ ಮೇಲೆ ರಸ್ತೆ ಹಾಕಿತು.

ಬಸ್ಸಿನ ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ. ನಾನು ಇಳಿದು ರಸ್ತೆಯ ಬದಿಗೆ ನಿಂತೆ. ಹಿಂಡು ತೊಯ್ದ ಮೈಗಳನ್ನು ಒಂದಕ್ಕೊಂದು ತಾಗಿಸಿ ನನ್ನ ಮೊಣಕಾಲು ಸವರಿಕೊಂಡು ಹೋಗುತ್ತಿತ್ತು. ಒಂದು ಸಾಲಿಗೆ ಎಷ್ಟು ನಡೆಯುತ್ತಿವೆ ನೋಡೋಣವೆಂದು ಬೆರಳು ಎತ್ತಿದೆ. ಒಂದು, ಎರಡು, ಮೂರು ಎಂದವನು ಕೈ ಇಳಿಸಿದೆ. ಎಣಿಸತಕ್ಕದ್ದಲ್ಲ ಎಂದು ನಾನೇ ಬರೆದಿದ್ದೆ.